ಪಿಕಪ್ ಗಾಡಿಯ ತಳಕ್ಕೆ ಲೈನರ್: ನಾವೇ ಬಳಿಯುವುದೋ, ಕಸಬುದಾರರಿಗೆ ಒಪ್ಪಿಸುವುದೋ?

ಅಡಿಕೆ ಕೊಯ್ಲಿನ ಕಾಲದಲ್ಲಿ ಸಂಘದ ಅಂಗಳದಲ್ಲಿ ಸಾಲುಗಟ್ಟಿ ನಿಲ್ಲುವ ಪಿಕಪ್ ಗಾಡಿಗಳ ಹಿಂಬದಿಗೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಯಾವ ಗಾಡಿ ಏನೇನು ಹೊತ್ತಿದೆ ಎಂದು ಯಜಮಾನರನ್ನು ಕೇಳಬೇಕಾದ್ದಿಲ್ಲ. ತಳದಲ್ಲಿ ಕೆಂಪಗೆ ಹಕ್ಕಳೆ ಎದ್ದಿದ್ದರೆ ಅದು ಪೊಟ್ಯಾಷ್ ಮತ್ತು ಕೊಟ್ಟಿಗೆ ಗೊಬ್ಬರ ಹೊತ್ತ ಗಾಡಿ. ಉದ್ದುದ್ದ ಗೀರು ಬಿದ್ದು ತಗಡು ಬೆಳ್ಳಗೆ ಕಾಣುತ್ತಿದ್ದರೆ ಕೆರೆಗೋಡು ಹೊಡೆದದ್ದು. ಮೂಲೆಯಲ್ಲಿ ದುಂಡಗೆ ತಗಡು ಸವೆದು ನೆಲ ಕಾಣುತ್ತಿದ್ದರೆ ಅಲ್ಲಿ ಔಷಧಿ ಡ್ರಮ್ಮು ಕೂರುತ್ತಿತ್ತು ಎಂದು ತಿಳಿಯಬೇಕು. ಇಂಜಿನ್ನು ಇನ್ನೂ ಗಟ್ಟಿಯಾಗಿರುವಾಗಲೇ ತಳ ಕೈಕೊಟ್ಟ ಗಾಡಿಗಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ. ಸಾಲದ ಕಂತು ಮುಗಿಯುವ ಮೊದಲೇ ತಳ ಮುಗಿದಿರುವುದೂ ಉಂಟು.

ಈಚೆಗೆ ಸದಸ್ಯ ಬಾಂಧವರು ನಮ್ಮನ್ನು ಕೇಳುತ್ತಿರುವ ಪ್ರಶ್ನೆ ಇದು. ಗಾಡಿಯ ತಳಕ್ಕೆ ರಬ್ಬರಿನಂಥ ಹೊದಿಕೆ ಬಳಿಯುವ ‘ಲೈನರ್’ ಬಂದಿದೆಯಲ್ಲ, ಅದರ ಡಬ್ಬಿ ತಂದು ಮನೆಯಲ್ಲೇ ಬಳಿದುಕೊಳ್ಳಬಹುದೇ, ಇಲ್ಲವೇ ಬೆಂಗಳೂರಿಗೆ ಹೋಗಿ ಯಂತ್ರದಿಂದ ಹೊಡೆಸಬೇಕೇ? ಒಂದೇ ಮಾತಿನಲ್ಲಿ ಉತ್ತರ ಹೇಳುವುದಾದರೆ ಹೇಳಬಹುದು. ಆದರೆ ಆ ಮಾತಿಗೆ ಬರುವ ಮೊದಲು ತಳ ಏಕೆ ಕೊಳೆಯುತ್ತದೆ ಎಂಬುದನ್ನು ನೋಡುವುದು ಒಳ್ಳೆಯದು. ರೋಗ ತಿಳಿಯದೆ ಔಷಧಿ ಹೊಡೆಯುವ ಅಭ್ಯಾಸ ನಮಗೆ ತೋಟದಲ್ಲೇ ಸಾಕಷ್ಟಿದೆ.

ತಳ ತಿನ್ನುವ ಸರಕುಗಳು

ಎತ್ತಿನ ಗಾಡಿಯ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಹಲಗೆ ಸವೆದರೆ ಆ ಒಂದು ಹಲಗೆ ಬದಲಿಸಿದರಾಯಿತು. ಗೊಬ್ಬರ ತುಂಬುವಾಗ ಬಿದಿರ ತಡಿಕೆ, ಅದೂ ಇಲ್ಲದಿದ್ದರೆ ಅಡಿಕೆ ಹಾಳೆ ಹಾಸುತ್ತಿದ್ದರು. ಲಾರಿಗಳಿಗೂ ಮರದ ತಳವೇ ಇತ್ತು. 1986ರಲ್ಲಿ ಟಾಟಾ 407 ಬಂದಿತು. 2005ರಲ್ಲಿ ಟಾಟಾ ಏಸ್, ಅಂದರೆ ನಮ್ಮ ಜನ ‘ಛೋಟಾ ಹಾಥಿ’ ಎನ್ನುವುದು, ಬಂದ ಮೇಲಂತೂ ಎರಡು ಮೂರು ಎಕರೆಯ ತೋಟದವರ ಮನೆಯ ಮುಂದೆಯೂ ಒಂದು ಗೂಡ್ಸ್ ಗಾಡಿ ನಿಲ್ಲುವಂತಾಯಿತು. ಇವುಗಳ ತಳ ಒತ್ತಿ ಮಾಡಿದ ತೆಳು ತಗಡು. ಹಗುರವಾದುದರಿಂದ ಹೆಚ್ಚು ಸರಕು ಹೊರುತ್ತದೆ, ತೆಳುವಾದುದರಿಂದ ಬೇಗ ಸಾಯುತ್ತದೆ.

ಸರಕುಗಳ ಪೈಕಿ ಮೊದಲನೆಯ ಶತ್ರು ಮೈಲುತುತ್ತ. ಬೋರ್ಡೋ ಹೊಡೆಯುವ ಅಗತ್ಯ ಬಯಲುಸೀಮೆಯ ನಮಗೆ ಮಲೆನಾಡಿನವರಷ್ಟಿಲ್ಲವಾದರೂ ಹೊಸದುರ್ಗ, ಹಿರಿಯೂರು ಕಡೆ ದಾಳಿಂಬೆ ಇಟ್ಟವರು ಅದನ್ನು ಬಿಟ್ಟಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ನಮಗೆಲ್ಲ ಬಾಯಿಪಾಠ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂಬುದೂ ಗೊತ್ತು. ದ್ರಾವಣ ಹದವಾಗಿದೆಯೇ ಎಂದು ನೋಡಲು ಉಜ್ಜಿದ ಚಾಕು ಅದ್ದುತ್ತೇವೆ, ಅದರ ಮೇಲೆ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೆರೆಸುತ್ತೇವೆ. ಆ ಚಾಕುವಿನ ಮೇಲೆ ಆಗುವುದೇ ಗಾಡಿಯ ತಳದ ಮೇಲೂ ಆಗುತ್ತದೆ. ಬಣ್ಣ ಕಿತ್ತ ಜಾಗಕ್ಕೆ ಮೈಲುತುತ್ತದ ನೀರು ತಾಗಿದರೆ ಕಬ್ಬಿಣ ಕರಗಿ ನೀರಿಗಿಳಿಯುತ್ತದೆ, ತಾಮ್ರ ಅದರ ಜಾಗದಲ್ಲಿ ಕೂರುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಕೂತ ತಾಮ್ರ, ಪಕ್ಕದ ಕಬ್ಬಿಣ, ನಡುವೆ ತೇವ ಸೇರಿ ಒಂದು ಸಣ್ಣ ಬ್ಯಾಟರಿಯೇ ಏರ್ಪಟ್ಟು ತುಕ್ಕು ಮತ್ತಷ್ಟು ಬೇಗ ಹಬ್ಬುತ್ತದೆ. ಸುಣ್ಣ ಸರಿಯಾಗಿ ಬೆರೆತ ದ್ರಾವಣದಿಂದ ಈ ಹಾನಿಯಿಲ್ಲ. ಚೀಲದಿಂದ ಉದುರಿದ ಹರಳು, ಸುಣ್ಣ ಬೆರೆಸುವ ಮೊದಲು ತುಳುಕಿದ ನೀರು, ಇವೇ ಅಪಾಯ.

ಎರಡನೆಯದು ಪೊಟ್ಯಾಷ್. ನಾವು ಎಂ.ಒ.ಪಿ. ಎನ್ನುವುದು ಪೊಟ್ಯಾಸಿಯಂ ಕ್ಲೋರೈಡು, ಅಡುಗೆ ಉಪ್ಪಿನ ದಾಯಾದಿ. ತಳದ ಸಂದಿಯಲ್ಲಿ ಉಳಿದ ಒಂದು ಹಿಡಿ ಪೊಟ್ಯಾಷ್ ಮಳೆಗಾಲದ ತೇವವನ್ನು ಹಿಡಿದುಕೊಂಡು ತಿಂಗಳಾನುಗಟ್ಟಲೆ ತಗಡನ್ನು ಒದ್ದೆಯಾಗಿಡುತ್ತದೆ. ಕೊಟ್ಟಿಗೆ ಗೊಬ್ಬರವೂ ಹಾಗೆಯೇ. ಇನ್ನು ನೀರು. 2016-17ರ ಬರದಲ್ಲಿ ತೋಟ ಉಳಿಸಿಕೊಳ್ಳಲು ಗಾಡಿಯ ಮೇಲೆ ಪ್ಲಾಸ್ಟಿಕ್ ಟ್ಯಾಂಕು ಕೂರಿಸಿ ಹಗಲೂ ರಾತ್ರಿ ನೀರು ಹೊಡೆದವರು ನಮ್ಮಲ್ಲಿದ್ದಾರೆ. ಹಿರಿಯೂರು ಕಡೆಯ ಕೆಲವು ಬೋರುಗಳ ಉಪ್ಪು ನೀರು ತುಳುಕಿ ತುಳುಕಿ ಆ ಗಾಡಿಗಳ ತಳ ಜಾಲರಿಯಾಯಿತು. 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಎಲ್ಲರಿಗೂ ಸಂತೋಷವಾಯಿತು. ಗಾಡಿಯ ತಳ ಮಾತ್ರ ಮರಳಿ ಬರಲಿಲ್ಲ.

ತಳ ಹೋಗುವುದು ಗಾಡಿಯ ಮಾತಾಯಿತು. ತುಕ್ಕಿನಿಂದ ಸರಕಿಗೆ ಆಗುವ ನಷ್ಟವನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಡಿಕೆಯ ಚೊಗರಿನಲ್ಲಿ ಟ್ಯಾನಿನ್ ಇದೆ. ಟ್ಯಾನಿನ್ನಿಗೆ ಕಬ್ಬಿಣ ಸೇರಿದರೆ ಕಪ್ಪು. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ಸುಲಿದ ಹಸಿ ಅಡಿಕೆಯನ್ನು ಅಥವಾ ಬೇಯಿಸಿ ನೀರು ಬಸಿಯದ ಅಡಿಕೆಯನ್ನು ತುಕ್ಕು ಹಿಡಿದ ತಳದ ಮೇಲೆ ಸುರಿದುಕೊಂಡು ಕಣಕ್ಕೆ ಒಯ್ದರೆ ತಗಡಿಗೆ ತಾಗಿದ ಅಡಿಕೆಗೆ ಮಸಿಯ ಕಲೆ ಕೂರುತ್ತದೆ. ಭೀಮಸಮುದ್ರದಲ್ಲಾಗಲಿ ಬೇರೆಲ್ಲಾಗಲಿ ಬಣ್ಣ ನೋಡಿ ದರ ಹೇಳುವ ವ್ಯಾಪಾರಿಗೆ ಈ ಕಲೆ ಏಕೆ ಬಂತೆಂಬ ಕಥೆ ಬೇಕಾಗಿಲ್ಲ. ನಮ್ಮ ಹಿರಿಯರು ಬೇಯಿಸಲು ತಾಮ್ರದ ಹಂಡೆಯನ್ನೇ ಬಳಸುತ್ತಿದ್ದುದು ಸುಮ್ಮನೆ ಅಲ್ಲ. ಹಂಡೆಗೆ ಅಷ್ಟು ಎಚ್ಚರಿಕೆ ವಹಿಸಿ, ಆಮೇಲೆ ಅದೇ ಅಡಿಕೆಯನ್ನು ತುಕ್ಕಿನ ಮೇಲೆ ಸುರಿಯುತ್ತಿದ್ದೇವೆ.

(ತುಕ್ಕನ್ನು ಕಪ್ಪಾಗಿ ತಿರುಗಿಸಿ ತಡೆಯುವ ದ್ರಾವಣವೆಂದು ಪೇಟೆಯಲ್ಲಿ ಮಾರುವ ಕೆಲವು ಡಬ್ಬಿಗಳಲ್ಲಿ ಇರುವುದೂ ಟ್ಯಾನಿಕ್ ಆಮ್ಲವೇ. ಹಾಗೆಂದು ಚೊಗರು ಬಳಿದುಬಿಟ್ಟರೆ ಸಾಕೆಂದು ಯಾರೂ ಹೊರಡಬಾರದು. ಆ ಡಬ್ಬಿಯಲ್ಲಿ ಬೇರೆ ಸರಕೂ ಇರುತ್ತದೆ.)

ಯಾವ ಹೊದಿಕೆ ಎಷ್ಟು ಭಾರ

ತಳ ಕಾಯಲು ಇರುವ ದಾರಿಗಳು ನಾಲ್ಕು. ದಪ್ಪ ತಗಡು ಹೊಡೆಸುವುದು, ರಬ್ಬರ್ ಹಾಸುವುದು, ಡಬ್ಬಿಯ ಲೈನರನ್ನು ರೋಲರಿನಿಂದ ಬಳಿಯುವುದು, ಯಂತ್ರದಿಂದ ಲೈನರ್ ಹೊಡೆಸುವುದು. ಟಾರು ಬಳಿಯುವುದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಟಾರು ಮೆತ್ತಗಾಗಿ ಚೀಲಕ್ಕೆ ಅಂಟುತ್ತದೆ. ಕಾಫಿಯಂತೂ ಸುತ್ತಲಿನ ವಾಸನೆಯನ್ನೆಲ್ಲ ಹೀರುವ ಜಾತಿ. ಟಾರು ಬಳಿದ ಗಾಡಿಯಲ್ಲಿ ಪಾರ್ಚ್‌ಮೆಂಟ್ ಕಾಫಿ ಒಯ್ದರೆ ಕ್ಯೂರಿಂಗ್ ವರ್ಕ್ಸಿನವರು ಮೂಗಿನಿಂದಲೇ ತೀರ್ಪು ಕೊಡುತ್ತಾರೆ.

ಲೆಕ್ಕಕ್ಕೆ ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ತಳವನ್ನು ಹಿಡಿಯೋಣ. ಸುಮಾರು 50 ಚದರ ಅಡಿ, ಅಂದರೆ 4.6 ಚದರ ಮೀಟರ್. ಇದಕ್ಕೆ 3 ಮಿಲಿಮೀಟರಿನ ಚೆಕ್ಕರ್ ಪ್ಲೇಟ್ ಹಾಕಿಸಿದರೆ ಹತ್ತಿರ ಹತ್ತಿರ 115 ಕಿಲೋ. ಪ್ರತಿ ಸಲ ಗಾಡಿ ಹೊರಟಾಗಲೂ ಎರಡು ಚೀಲ ಗೊಬ್ಬರಕ್ಕೂ ಮಿಕ್ಕ ತೂಕವನ್ನು ಸುಮ್ಮನೆ ತಿರುಗಾಡಿಸಿದಂತೆ. 750 ಕಿಲೋ ಹೊರುವ ಸಣ್ಣ ಗಾಡಿಗೆ ಇದು ದೊಡ್ಡ ಪಾಲು. ಅಲ್ಲದೆ ಪ್ಲೇಟನ್ನು ತಳಕ್ಕೆ ವೆಲ್ಡ್ ಮಾಡಿದ ಕಡೆಯೆಲ್ಲ ಕೆಳಗಿನ ಬಣ್ಣ ಸುಟ್ಟಿರುತ್ತದೆ. ಎರಡು ತಗಡಿನ ನಡುವೆ ನೀರಿಳಿದರೆ ಅದನ್ನು ಯಾರೂ ಕಾಣುವುದಿಲ್ಲ. ನಮ್ಮ ಕಡೆಯ ಬಾಡಿ ಕಟ್ಟುವವರಿಗೆ ಹೆಚ್ಚು ರೂಢಿಯಿರುವುದು ಇದೇ ಕೆಲಸವಾದ್ದರಿಂದ ಅವರು ಇದನ್ನೇ ಹೇಳುತ್ತಾರೆ. ಕಲ್ಲು, ಗೋಡು ಹೊಡೆಯುವುದನ್ನೇ ಕಸುಬು ಮಾಡಿಕೊಂಡ ಗಾಡಿಗೆ ಅದು ಸರಿ. ತೋಟದ ಗಾಡಿಗೆ ಅಲ್ಲ.

10 ಮಿಲಿಮೀಟರ್ ದಪ್ಪದ ರಬ್ಬರ್, ಉದಾಹರಣೆಗೆ ಗುಜರಿಯಲ್ಲಿ ಸಿಗುವ ಹಳೆ ಕನ್ವೇಯರ್ ಬೆಲ್ಟು, ಇದೇ ಅಳತೆಗೆ 55 ಕಿಲೋ ತೂಗುತ್ತದೆ. ಬಳಿದ ಅಥವಾ ಹೊಡೆಸಿದ ಲೈನರು ಎರಡು ಮಿಲಿಮೀಟರ್ ದಪ್ಪವಿದ್ದರೂ ತಳ ಮತ್ತು ಪಕ್ಕಗಳು ಸೇರಿ 16-17 ಕಿಲೋ ಮಾತ್ರ. ಲೈನರಿನ ನಿಜವಾದ ಗುಣ ಇಲ್ಲಿದೆ. ಅದು ತಗಡಿಗೆ ಅಂಟಿಕೊಂಡಿರುತ್ತದೆ, ನಡುವೆ ನೀರು ನಿಲ್ಲಲು ಜಾಗವಿಲ್ಲ. ಆದರೆ ‘ಅಂಟಿಕೊಂಡಿದ್ದರೆ’ ಎಂಬ ಮಾತಿನಲ್ಲೇ ಎಲ್ಲ ತೊಡಕೂ ಇದೆ.

ಕೆರೆಯುವುದೇ ಕೆಲಸ

ದುರ್ಗದಲ್ಲಿ ಬಹಳ ವರ್ಷದಿಂದ ಗಾಡಿಗಳಿಗೆ ಬಣ್ಣ ಹೊಡೆಯುವ ಒಬ್ಬ ಮೇಸ್ತ್ರಿಯನ್ನು ಈ ವಿಷಯವಾಗಿ ವಿಚಾರಿಸಿದೆವು. ಅವರು ಹೇಳಿದ್ದನ್ನು ಹಾಗೆಯೇ ಕೊಡುತ್ತೇವೆ. “ಸಾರ್, ಬಳಿಯೋದು ಅರ್ಧ ದಿನ. ಕೆರೆಯೋದು ಎರಡು ದಿನ. ಗಿರಾಕಿ ಬಳಿಯೋದಕ್ಕೆ ದುಡ್ಡು ಕೊಡ್ತಾನೆ, ಕೆರೆಯೋದಕ್ಕೆ ಕೊಡಲ್ಲ. ಅದಕ್ಕೇ ಯಾರೂ ಕೆರೆಯಲ್ಲ.”

ಇಷ್ಟರಲ್ಲೇ ಎಲ್ಲ ಬಂತು. ತುಕ್ಕಿನ ಮೇಲೆ ಬಳಿದ ಲೈನರು ತುಕ್ಕಿಗೆ ಅಂಟಿರುತ್ತದೆಯೇ ಹೊರತು ಕಬ್ಬಿಣಕ್ಕೆ ಅಲ್ಲ. ತುಕ್ಕು ಎದ್ದಾಗ ಲೈನರೂ ಏಳುತ್ತದೆ. ಹೊಸದುರ್ಗದ ಕಡೆಯ ಸದಸ್ಯರೊಬ್ಬರು ಆರು ವರ್ಷದ ಗಾಡಿಗೆ ಹೊರಗಿನ ಊರೊಂದರಲ್ಲಿ ದುಬಾರಿ ಹಣ ಕೊಟ್ಟು ಯಂತ್ರದಿಂದಲೇ ಹೊಡೆಸಿ ತಂದರು. ಹೊಸದರಲ್ಲಿ ನೋಡಲು ಆನೆಯ ಚರ್ಮದ ಹಾಗಿತ್ತು. ಎರಡನೆಯ ಮಳೆಗಾಲಕ್ಕೆ ಅಲ್ಲಲ್ಲಿ ಉಬ್ಬಿತು. ಒಂದು ಕಡೆ ಚಾಕುವಿನಿಂದ ಸೀಳಿ ಎಳೆದರೆ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತು, ಅಡಿಯಲ್ಲಿ ಕೆಂಪು ಪುಡಿ. ಹೊದಿಕೆ ಚೆನ್ನಾಗಿಯೇ ಇತ್ತು, ತಗಡು ಹೋಗಿತ್ತು. ಬರಿ ತಗಡಾಗಿದ್ದರೆ ತುಕ್ಕು ಕಣ್ಣಿಗಾದರೂ ಬೀಳುತ್ತಿತ್ತು. ಅದೇ ವರ್ಷ ಹೊಳಲ್ಕೆರೆಯ ಕಡೆ ಅಪ್ಪ ಮಗ ಸೇರಿ ಮೂರು ದಿನ ಕೆರೆದು ಉಜ್ಜಿ ರೋಲರಿನಿಂದ ಬಳಿದ ಗಾಡಿಯ ತಳವನ್ನು ನಾವು ಕಳೆದ ಸುಗ್ಗಿಯಲ್ಲಿ ನೋಡಿದೆವು. ಬಣ್ಣ ಮಂಕಾಗಿದೆ, ಸಲಿಕೆ ತಾಗಿದ ಗೀರುಗಳಿವೆ, ಎಲ್ಲಿಯೂ ಎದ್ದಿಲ್ಲ.

ಆದ್ದರಿಂದ ನಾವೇ ಮಾಡುವುದೋ ಬೇರೆಯವರಿಗೆ ಕೊಡುವುದೋ ಎಂಬ ಪ್ರಶ್ನೆಗಿಂತ, ಕೆರೆಯುವವರು ಯಾರು ಎಂಬುದೇ ಮುಖ್ಯ. ಬಳಿಯುವುದನ್ನು ಯಾರಿಗೆ ಬೇಕಾದರೂ ಕೊಡಿ. ಕೆರೆಯುವುದನ್ನು ನೀವೇ ಮಾಡಿ, ಇಲ್ಲವೇ ಎದುರಿಗೆ ನಿಂತು ಮಾಡಿಸಿ.

ಮನೆಯಲ್ಲಿ ಮಾಡುವವರಿಗೆ ಕ್ರಮ ಹೀಗೆ. ಮೊದಲು ಸೋಪಿನ ಪುಡಿ ಹಾಕಿ ಸರ್ವಿಸ್ ಸ್ಟೇಷನ್ನಿನ ಜೋರು ನೀರಿನಲ್ಲಿ ತೊಳೆಸಿ, ಸಂದಿಗಳಲ್ಲಿರುವ ಗೊಬ್ಬರವೆಲ್ಲ ಹೊರಬರಬೇಕು. ಒಂದು ದಿನ ಬಿಸಿಲಿಗೆ ಒಣಗಿಸಿ. ಹಗ್ಗ ಕಟ್ಟುವ ಕೊಕ್ಕೆ, ಬೋಲ್ಟಿನ ಪಟ್ಟಿಗಳನ್ನು ಬಿಚ್ಚಿ. ಅನಂತರ ಸಣ್ಣ ಸುತ್ತಿಗೆಯಿಂದ ತಳವನ್ನು ಅಡಿಗಡಿಗೆ ತಟ್ಟುತ್ತ ಹೋಗಿ. ಟಣ್ ಎನ್ನುವ ಕಡೆ ತಗಡು ಗಟ್ಟಿ, ಸದ್ದು ಮುಗ್ಗಾದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ತೂರಿ ಹೋದರೆ ಅಲ್ಲಿ ಲೈನರಿನಿಂದ ಪ್ರಯೋಜನವಿಲ್ಲ, ಕತ್ತರಿಸಿ ತುಂಡು ತಗಡು ವೆಲ್ಡ್ ಮಾಡಿಸಬೇಕು. ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ತಂತಿ ಬಿಚ್ಚಿಡುವುದನ್ನು ಮರೆಯಬೇಡಿ. ಈಗಿನ ಡೀಸೆಲ್ ಗಾಡಿಗಳಲ್ಲಿ ಇಂಜಿನ್ ನಡೆಸುವುದು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ, ಅದು ಸುಟ್ಟರೆ ತಳದ ಖರ್ಚು ಏನೂ ಅಲ್ಲ ಎನ್ನಿಸುತ್ತದೆ. ವೆಲ್ಡ್ ಮಾಡಿದ ಜಾಗಕ್ಕೆ ಕೆಳಗಿನಿಂದಲೂ ಬಣ್ಣ ಬಳಿಯಬೇಕು.

ತುಕ್ಕಿನ ಹಕ್ಕಳೆಯನ್ನು ಚಾಣದಿಂದ ಎಬ್ಬಿಸಿ, ಉಳಿದದ್ದನ್ನು ಗ್ರೈಂಡರಿಗೆ ತಂತಿ ಬ್ರಷ್ಷು ಸಿಕ್ಕಿಸಿ ಹೊಳೆಯುವ ಕಬ್ಬಿಣ ಕಾಣುವ ತನಕ ಉಜ್ಜಿ. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಆ ಬ್ರಷ್ಷಿನ ತಂತಿಗಳು ಕಿತ್ತು ಹಾರುತ್ತವೆ. ಗಟ್ಟಿಯಾಗಿ ಕೂತಿರುವ ಕಂಪೆನಿಯ ಬಣ್ಣವನ್ನು ಕೀಳಬೇಕಾಗಿಲ್ಲ, 80 ನಂಬರಿನ ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗುವಂತೆ ಉಜ್ಜಿದರೆ ಸಾಕು. ಹೊಳಪು ಉಳಿದ ಅಂಗೈಯಗಲ ಜಾಗವೂ ಮುಂದೆ ಏಳುವ ಜಾಗವೇ. ಕಡೆಗೆ ಶುಭ್ರವಾದ ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟುವುದಾಗಲಿ ಚಪ್ಪಲಿಯಲ್ಲಿ ತುಳಿಯುವುದಾಗಲಿ ಕೂಡದು.

ಬೆತ್ತಲೆ ಕಬ್ಬಿಣಕ್ಕೆ ಮೊದಲು ಪ್ರೈಮರ್ ಬೇಕು. ನಮ್ಮ ಕಡೆ ಗೇಟಿನಿಂದ ಗೋಬರ್ ಗ್ಯಾಸ್ ಡ್ರಮ್ಮಿನವರೆಗೆ ಎಲ್ಲಕ್ಕೂ ರೆಡ್ ಆಕ್ಸೈಡ್ ಒಂದೇ ಮದ್ದು. ಇಲ್ಲಿ ಅದು ನಡೆಯುವುದಿಲ್ಲ. ಲೈನರಿನ ದ್ರಾವಕ ಖಾರವಾದದ್ದು, ಸಾಮಾನ್ಯ ರೆಡ್ ಆಕ್ಸೈಡನ್ನು ಮೆತ್ತಗೆ ಮಾಡಿ ಸುಕ್ಕೇಳಿಸುತ್ತದೆ. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರನ್ನೇ ಕೇಳಿ ತನ್ನಿ. ಲೈನರೂ ಎರಡು ಭಾಗದ್ದೇ. ಪೇಟೆಯಲ್ಲಿ ಸಿಗುವ ರಾಪ್ಟರ್ ಎಂಬ ಬ್ರಾಂಡಿನದಕ್ಕೆ ಮೂರು ಪಾಲಿಗೆ ಒಂದು ಪಾಲು ಗಟ್ಟಿಕಾರಕ. ಬೆರೆಸಿದ್ದು ಕೆಲಹೊತ್ತಿನಲ್ಲಿ ಗಟ್ಟಿಯಾಗುತ್ತದೆ, ಬಿಸಿಲೇರಿದಷ್ಟೂ ಬೇಗ. ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ಬೆರೆಸಬೇಡಿ. ಮೊದಲು ಮೂಲೆ, ಸಂದು, ಬೋಲ್ಟಿನ ತಲೆಗಳಿಗೆ ಬ್ರಷ್ಷಿನಿಂದ ಬಳಿದು, ಬಯಲು ಜಾಗಕ್ಕೆ ರೋಲರ್ ಹಿಡಿಯಿರಿ. ತೆಳುವಾಗಿ ಎರಡು ಮೂರು ಸಲ ಬಳಿಯುವುದು ಒಮ್ಮೆಗೇ ದಪ್ಪ ಬಳಿಯುವುದಕ್ಕಿಂತ ಮೇಲು. ನೀರು ಹೋಗುವ ತೂತುಗಳನ್ನು ಮುಚ್ಚಬೇಡಿ. ಬೀಜದಂತೆ ಉರುಟಾದ ಮೇಲ್ಮೈ ಬೇಕೆಂದು ಬಹಳ ಒರಟು ಮಾಡಿಕೊಂಡವರ ಗಾಡಿಯಲ್ಲಿ ಎಳೆದ ಗೋಣಿಚೀಲವೆಲ್ಲ ಹರಿದುದನ್ನೂ ಕಂಡಿದ್ದೇವೆ. ಕಾಲು ಜಾರದಷ್ಟು ಒರಟು ಸಾಕು.

ತೇವ ಈ ಲೈನರಿನ ವೈರಿ. ಒದ್ದೆ ತಗಡಿಗೆ ಬಳಿದರೆ ಅದು ನೀರಿನೊಡನೆ ಸೇರಿ ಗ್ಯಾಸು ಬಿಟ್ಟು ಗುಳ್ಳೆ ಗುಳ್ಳೆಯಾಗುತ್ತದೆ. ಇಬ್ಬನಿ ಪೂರ್ತಿ ಆರಿದ ಮೇಲೆ, ಬಿಸಿಲು ಸುಡುವ ಮೊದಲು, ನೆರಳಿನಲ್ಲಿ ಆಗಬೇಕಾದ ಕೆಲಸ. ಗಾಳಿಯದೂ ಒಂದು ಕಾಟ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದವರು ದಡ್ಡರಲ್ಲ. ಆಷಾಢದಲ್ಲಿ ಬಯಲಲ್ಲಿಟ್ಟು ಬಳಿದರೆ ಅರ್ಧ ಲೈನರು, ಅರ್ಧ ಧೂಳು. ಬಳಿದ ಮೇಲೆ ಒಂದು ವಾರ ಗಾಡಿಗೆ ರಜೆ ಕೊಡಬೇಕು. ಎರಡು ದಿನಕ್ಕೆ ಕೈಗೆ ಗಟ್ಟಿ ಎನ್ನಿಸಿದರೂ ಒಳಗೆ ಇನ್ನೂ ಹಸಿಯಿರುತ್ತದೆ, ವಾಸನೆಯೂ ಹೋಗಿರುವುದಿಲ್ಲ. ಅಡಿಕೆ, ಕೊಬ್ಬರಿ, ಕಾಫಿ ಯಾವುದನ್ನೂ ಆ ವಾಸನೆಯ ಮೇಲೆ ಹೇರಬಾರದು.

ಉಸಿರಿನ ಮಾತು

ರೋಲರಿನಿಂದ ಬಳಿಯುವುದು ಮನೆಯಲ್ಲಿ ಆಗುವ ಕೆಲಸ. ಕಂಪ್ರೆಸರ್ ಬಾಡಿಗೆಗೆ ತಂದು ಮನೆಯಲ್ಲೇ ಸ್ಪ್ರೇ ಹೊಡೆಯುವುದು ಆಗಬಾರದ ಕೆಲಸ. ಈ ವಿಷಯದಲ್ಲಿ ನಮಗೆ ಎರಡು ಅಭಿಪ್ರಾಯವಿಲ್ಲ.

ಕಾರಣ ಗಟ್ಟಿಕಾರಕದ ಡಬ್ಬಿಯಲ್ಲಿರುವ ಐಸೊಸಯನೇಟ್. ಈ ಹೆಸರನ್ನು ನಮ್ಮ ದೇಶ ಕೇಳಿದ್ದು 1984ರ ಡಿಸೆಂಬರಿನಲ್ಲಿ. ಭೋಪಾಲದಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಲೈನರಿನಲ್ಲಿರುವುದು ಅದಲ್ಲ, ಅದರ ಕುಲದ್ದು. ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಹಾಗೆ ಕೊಲ್ಲುವುದೂ ಇಲ್ಲ. ಆದರೆ ಸ್ಪ್ರೇಯ ಮಂಜಾಗಿ ಎದೆಗೆ ಹೋದರೆ ಶ್ವಾಸಕೋಶ ಅದಕ್ಕೆ ಮುನಿಯುತ್ತದೆ. ಒಮ್ಮೆ ಮುನಿದ ಮೇಲೆ, ಮುಂದೆ ಕಣದಷ್ಟು ಸೋಕಿದರೂ ಆಸ್ತಮಾ ಕೆರಳುತ್ತದೆ. ಆ ಮುನಿಸು ಮತ್ತೆ ಇಳಿಯುವುದೂ ಅಪರೂಪ. ಬಣ್ಣದ ಅಂಗಡಿಗಳಲ್ಲಿ ದುಡಿದವರಿಗೆ ಬರುವ ಆಸ್ತಮಾಕ್ಕೆ ಇದು ಲೋಕದಾದ್ಯಂತ ಗೊತ್ತಿರುವ ಕಾರಣ. ಮೂಗಿಗೆ ಟವೆಲ್ ಸುತ್ತಿಕೊಳ್ಳುವುದರಿಂದಾಗಲಿ, ಕೊರೊನಾ ಕಾಲದ ಬಟ್ಟೆಯ ಮಾಸ್ಕಿನಿಂದಾಗಲಿ ಇದು ನಿಲ್ಲುವುದಿಲ್ಲ. ಯಂತ್ರದಿಂದ ಹೊಡೆಯುವವರು ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ತಂದು ಉಸಿರಾಡುವ ಮುಖವಾಡ ಧರಿಸಬೇಕು. ರೋಲರಿನಿಂದ ಬಳಿಯುವವರೂ ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡು, ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಕಟ್ಟಿಕೊಳ್ಳುವುದು ಅಗತ್ಯ. ಮೊದಲೇ ಉಬ್ಬಸ ಇರುವವರು, ಮನೆಯ ಮಕ್ಕಳು ಹತ್ತಿರ ಸುಳಿಯಬಾರದು. ನಾವು ದುಡ್ಡು ಉಳಿಸಲು ಹೋಗಿ ಆಳಿನ ಕೈಗೆ ಸ್ಪ್ರೇ ಗನ್ನು ಕೊಡುವುದಂತೂ ನ್ಯಾಯವಲ್ಲ.

ಇನ್ನೊಂದು ಎಚ್ಚರಿಕೆ ಲೈನರು ಹಾಕಿಸಿದ ಎಲ್ಲರಿಗೂ. ಕಳೆ ಕೊಚ್ಚುವ ಯಂತ್ರಕ್ಕೋ ಪಂಪಿಗೋ ಬಂಕಿನಲ್ಲಿ ಕ್ಯಾನಿಗೆ ಪೆಟ್ರೋಲ್ ಹಿಡಿಯುವಾಗ ಕ್ಯಾನನ್ನು ಗಾಡಿಯ ಮೇಲೇ ಬಿಟ್ಟು ತುಂಬಿಸಬಾರದು. ಪೆಟ್ರೋಲ್ ಹರಿಯುವಾಗ ಕ್ಯಾನಿನಲ್ಲಿ ಸ್ಥಾಯೀ ವಿದ್ಯುತ್ತು ಸೇರುತ್ತದೆ. ಕ್ಯಾನು ನೆಲದ ಮೇಲಿದ್ದರೆ ಅದು ಭೂಮಿಗಿಳಿಯುತ್ತದೆ, ಪ್ಲಾಸ್ಟಿಕ್ಕಿನ ಹೊದಿಕೆಯ ಮೇಲಿದ್ದರೆ ಇಳಿಯಲು ದಾರಿಯಿಲ್ಲ. ನಳಿಕೆಗೂ ಕ್ಯಾನಿಗೂ ನಡುವೆ ಕಿಡಿ ಹಾರಿ ಬೆಂಕಿ ಹತ್ತುತ್ತದೆ. ಪ್ಲಾಸ್ಟಿಕ್ ಲೈನರಿನ ಪಿಕಪ್ಪುಗಳಲ್ಲಿ ಹೀಗೆ ಬೆಂಕಿ ಬಿದ್ದುದನ್ನು ಕಂಡು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1998ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ರಬ್ಬರ್ ಹಾಸಿದ ಗಾಡಿಗೂ ಇದೇ ಮಾತು. ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಟ್ಟು ಹಿಡಿಯಿರಿ, ಬಂಕಿನ ಹುಡುಗ ಅವಸರ ಮಾಡಿದರೂ ಸರಿಯೆ.

ಕಸಬುದಾರರ ಬಳಿ ಹೋಗುವವರಿಗೆ

ಯಂತ್ರದಿಂದ ಹೊಡೆಯುವುದು ಹೆಚ್ಚಾಗಿ ಪಾಲಿಯೂರಿಯಾ, 1980ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಸರಕು. ಎರಡು ದ್ರವಗಳನ್ನು ಬಿಸಿ ಮಾಡಿ ಭಾರಿ ಒತ್ತಡದಲ್ಲಿ ಗನ್ನಿನ ತುದಿಯಲ್ಲಿ ಕೂಡಿಸುತ್ತಾರೆ. ತಗಡಿಗೆ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ರೋಲರಿನಲ್ಲಿ ಎಷ್ಟು ಬಳಿದರೂ ಅರ್ಧ ಮಿಲಿಮೀಟರ್ ಆಸುಪಾಸು ಬಂದರೆ ಹೆಚ್ಚು. ಯಂತ್ರದಲ್ಲಿ ಎರಡು, ಮೂರು ಮಿಲಿಮೀಟರ್ ಸುಲಭ. ಕಲ್ಲಿನ ಪೆಟ್ಟಿಗೆ, ಸಲಿಕೆಯ ಕೆರೆತಕ್ಕೆ ತಡೆಯುವುದು ಈ ದಪ್ಪ. ಮನೆಯ ಕೆಲಸ ಇದಕ್ಕೆ ಸಮವಲ್ಲ ಎಂಬುದನ್ನು ಒಪ್ಪಲೇಬೇಕು.

ಆದರೆ ದಪ್ಪಕ್ಕೆ ದುಡ್ಡು ಕೊಟ್ಟ ಮೇಲೆ ದಪ್ಪ ಬಂದಿದೆಯೇ ಎಂದು ನೋಡಬೇಕಲ್ಲ. ಅದಕ್ಕೊಂದು ಸುಲಭ ಲೆಕ್ಕವಿದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ದಪ್ಪವೆಂದರೆ ಸರಿಯಾಗಿ ಒಂದು ಲೀಟರ್. ಮೇಲೆ ಹೇಳಿದ ಗಾಡಿಯ ತಳ 4.6 ಚದರ ಮೀಟರ್, ಸುತ್ತಲಿನ ಗೋಡೆಗಳು ಒಂದೂಕಾಲು ಅಡಿ ಎತ್ತರವೆಂದರೆ ಹತ್ತಿರ ಹತ್ತಿರ 3.4, ಒಟ್ಟು 8. ಎರಡು ಮಿಲಿಮೀಟರ್ ಹೊಡೆಯುತ್ತೇನೆ ಎಂದವರು 16 ಲೀಟರ್ ಸರಕು ಖರ್ಚು ಮಾಡಲೇಬೇಕು. ಪಾಲಿಯೂರಿಯಾದಲ್ಲಿ ಆರಿ ಹೋಗುವ ದ್ರಾವಕ ಇಲ್ಲದ್ದರಿಂದ ಈ ಲೆಕ್ಕ ತಪ್ಪುವುದಿಲ್ಲ. ಎಂಟು ಲೀಟರಿನಲ್ಲಿ ಮುಗಿಸಿದರೆ ನಿಮಗೆ ಸಿಕ್ಕಿದ್ದು ಒಂದೇ ಮಿಲಿಮೀಟರ್. ಡಬ್ಬಿಯ ಲೈನರಿನಲ್ಲಿ ದ್ರಾವಕ ಆರಿಹೋಗುವುದರಿಂದ ಬಳಿದಷ್ಟು ದಪ್ಪ ಉಳಿಯುವುದಿಲ್ಲ ಎಂಬುದನ್ನೂ ನೆನಪಿಡಿ.

ದರ ಕೇಳುವ ಮೊದಲು ತುಕ್ಕನ್ನು ಹೇಗೆ ತೆಗೆಯುತ್ತೀರಿ ಎಂದು ಕೇಳಿ. ‘ಅದರ ಮೇಲೇ ಹೊಡೆಯಬಹುದು, ಏನೂ ಆಗುವುದಿಲ್ಲ’ ಎಂಬ ಉತ್ತರ ಬಂದರೆ ಗಾಡಿ ತಿರುಗಿಸಿಕೊಂಡು ಬನ್ನಿ. ಯಾವ ಪ್ರೈಮರ್, ಎಷ್ಟು ದಪ್ಪ, ಹಿಂದಿನ ಡೋರಿನ ಒಳಮೈಯೂ ಸೇರಿದೆಯೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಗ್ಯಾರಂಟಿ ಕೊಡುತ್ತಾರೆ, ಆದರೆ ಹಿರಿಯೂರಿನಿಂದ ಬೆಂಗಳೂರಿಗೆ 160, ದುರ್ಗದಿಂದ 200 ಕಿಲೋಮೀಟರ್ ಇದೆ. ಎದ್ದ ಲೈನರನ್ನು ತೋರಿಸಲು ಹೋಗಿ ಬರುವ ಡೀಸೆಲ್ಲನ್ನೂ ಗ್ಯಾರಂಟಿಯ ಲೆಕ್ಕದಲ್ಲಿ ಸೇರಿಸಬೇಕು. ಒಂದು ಮಾತು: ಕೆರೆದು ಸಿದ್ಧ ಮಾಡಿದ ಗಾಡಿಯನ್ನು ಒಯ್ಯುತ್ತೇವೆ, ಹೊಡೆಯುವುದಕ್ಕೆ ಮಾತ್ರ ದರ ಹೇಳಿ ಎಂದು ಕೇಳಿದರೆ ಕೆಲವರು ಒಪ್ಪುತ್ತಾರೆ. ಹೊಳೆಯುವ ಕಬ್ಬಿಣ ಒಂದೇ ರಾತ್ರಿಯಲ್ಲಿ ಮತ್ತೆ ಕೆಂಪಾಗುವುದರಿಂದ, ಮನೆಯಲ್ಲೇ ಪ್ರೈಮರ್ ಬಳಿದು ಒಯ್ಯಬೇಕು. ಆದರೆ ಅವರ ಸರಕಿಗೆ ಯಾವ ಪ್ರೈಮರ್ ಒಗ್ಗುತ್ತದೆ ಎಂದು ಮೊದಲೇ ಕೇಳಿಕೊಂಡಿರಬೇಕು.

ನಮ್ಮ ಅಭಿಪ್ರಾಯ ಇಷ್ಟು. ಹೊಸ ಗಾಡಿ ತಂದು ತಳದ ಬಣ್ಣ ಇನ್ನೂ ಮಾಸದಿದ್ದರೆ, ಗೋಡು ಕಲ್ಲು ಹೊಡೆಯುವುದೂ ಇದ್ದರೆ, ಕೈಯಲ್ಲಿ ಹಣವೂ ಇದ್ದರೆ ಮೊದಲ ವರ್ಷವೇ ಯಂತ್ರದಿಂದ ಹೊಡೆಸಿ. ತುಕ್ಕು ಶುರುವಾಗಿ ತಗಡು ಗಟ್ಟಿಯಿರುವ ನಾಲ್ಕೈದು ವರ್ಷದ ಗಾಡಿಗೆ ಮನೆಯ ಕೆಲಸವೇ ಒಪ್ಪ. ಅರ್ಧ ಮಿಲಿಮೀಟರಿನ ಕೊರತೆಯನ್ನು ಗೋಡು ಹೊಡೆಯುವ ದಿನ ಮೇಲೊಂದು ರಬ್ಬರ್ ಹಾಸಿ ತುಂಬಿಸಿಕೊಳ್ಳಬಹುದು. ತಳ ಜಾಲರಿಯಾದ ಗಾಡಿಗೆ ಲೈನರಿನ ಮಾತೇ ಬೇಡ, ತಗಡು ಬದಲಿಸಿ. ಇನ್ನು ವರ್ಷಕ್ಕೆ ನಾಲ್ಕು ತಿಂಗಳು ಗಾಡಿ ಹೊರತೆಗೆಯುವ ಸಣ್ಣ ತೋಟದವರಿಗೆ, ಅದರಲ್ಲೂ ಅಡಿಕೆ ತೆಂಗು ಬಿಟ್ಟು ಬೇರೇನೂ ಹೊರದವರಿಗೆ, ಯಾವ ಲೈನರೂ ಬೇಕಾಗಿಲ್ಲ ಎಂದೇ ನಾವು ಹೇಳುತ್ತೇವೆ. ಒಂದು ರಬ್ಬರ್ ಹಾಸು, ಹಸಿ ಅಡಿಕೆಗೆ ಒಂದು ಟಾರ್ಪಾಲು ಸಾಕು. ತಿಂಗಳಿಗೊಮ್ಮೆ ಹಾಸನ್ನು ಎತ್ತಿ ಅಡಿ ತೊಳೆದು ಒಣಗಿಸಬೇಕು. ಎತ್ತದ ಹಾಸಿನ ಅಡಿಯಲ್ಲಿ ಆಗುವುದು ಎದ್ದ ಲೈನರಿನ ಅಡಿಯಲ್ಲಿ ಆದದ್ದೇ.

ಕಾಲದ ಮಾತು ಉಳಿಯಿತು. ಅಡಿಕೆಯವರಿಗೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಅವಧಿ ಅನುಕೂಲ. ಕೊಯ್ಲು ಮುಗಿದಿರುತ್ತದೆ, ಮಳೆಯಿಲ್ಲ, ಬಿಸಿಲು ಇನ್ನೂ ಏರಿರುವುದಿಲ್ಲ. ಕಾಫಿಯ ಸದಸ್ಯರು ಕೊಯ್ಲು ಮುಗಿಸಿ ಮಾರ್ಚಿ ಮೊದಲ ವಾರಗಳಲ್ಲಿ ಇಟ್ಟುಕೊಳ್ಳಬಹುದು. ಎಪಾಕ್ಸಿ ಪ್ರೈಮರ್ ಮತ್ತು ಕಾರ್ಟ್ರಿಜ್ ಮಾಸ್ಕುಗಳನ್ನು ಒಟ್ಟಾಗಿ ತರಿಸಿದರೆ ದರದಲ್ಲಿ ಇಳಿಕೆ ಸಿಗುತ್ತದೆ. ಬೇಕಾದವರು ತಮ್ಮ ಗಾಡಿಯ ತಳದ ಉದ್ದ, ಅಗಲ, ಪಕ್ಕದ ಎತ್ತರ ಅಳೆದು ಡಿಸೆಂಬರ್ ತಿಂಗಳ ಒಳಗೆ ಸಂಘದ ಕಚೇರಿಯಲ್ಲಿ ಬರೆಸತಕ್ಕದ್ದು. ಗ್ರೈಂಡರ್ ಮತ್ತು ತಂತಿ ಬ್ರಷ್ಷನ್ನು ಸಂಘದಿಂದ ದಿನದ ಬಾಡಿಗೆಗೆ ಕೊಡಲಾಗುವುದು. ಕಣ್ಣಿನ ಕನ್ನಡಕವನ್ನು ಅದರೊಡನೆ ಕಟ್ಟಿಯೇ ಇಟ್ಟಿದ್ದೇವೆ.